ಮುಖ ಗಂಟು ಹಾಕಿಕೊಂಡ ಫೋಟೊ

ಕಂಡಕ್ಟರಕ್ಕನ ಬಸ್ಸಿಗೆ ದಿನಾ ಹತ್ತುವವರಿಗೆಲ್ಲ ಒಂದು ಮಾತು ಚೆನ್ನಾಗಿ ಗೊತ್ತಿತ್ತು: ಆಕೆಯ ಜೊತೆ ಜಗಳಕ್ಕೆ ನಿಂತರೆ ಗೆಲ್ಲುವುದು ಹಾಗಿರಲಿ, ನಿಮ್ಮ ಸ್ಟಾಪ್ ದಾಟಿಹೋದದ್ದೂ ಗೊತ್ತಾಗುವುದಿಲ್ಲ!

ಕೆಲಸಕ್ಕೆ ಸೇರಿದ ಮೊದಲ ದಿನವೇ ಮೀಸೆ ತಿರುವಿಕೊಂಡ ಒಬ್ಬ ಯಜಮಾನರು, "ಏನಮ್ಮ, ಅಡುಗೆಮನೆ ದಾರಿ ತಪ್ಪಿ ಇಲ್ಲಿಗೆ ಬಂದ್ಯಾ?" ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ನಕ್ಕಿದ್ದರಂತೆ. ಆಕೆ ಅವರು ಹೇಳಿದ ಊರಿನ ಹೆಸರು ಕೇಳಿ, ಟಿಕೆಟ್ ಮಷೀನನ್ನು ಹೆಗಲಿಗೆ ಸರಿಸಿ, "ನಾನು ಸರಿಯಾದ ಬಸ್ಸಲ್ಲೇ ಇದ್ದೀನಿ ಸಾರ್. ದಾರಿ ತಪ್ಪಿರೋದು ನೀವು. ಈ ಬಸ್ಸು ನಿಮ್ಮೂರಿಗೆ ಹೋಗಲ್ಲ. ಹೋಲ್ಡಾನ್!" ಎಂದು ಸೀಟಿ ಊದಿ ನಡುರಸ್ತೆಯಲ್ಲಿ ಇಳಿಸಿದಳಂತೆ. ಈ ಕತೆಯನ್ನು ಡ್ರೈವರ್ ಮಾವ ಎಷ್ಟು ಸಲ ಹೇಳಿದರೂ ಹೊಸದಾಗಿಯೇ ಹೇಳುತ್ತಿದ್ದರು, ಪ್ರತಿ ಸಲವೂ ಯಜಮಾನರ ಮೀಸೆ ಸ್ವಲ್ಪ ದೊಡ್ಡದಾಗುತ್ತಿತ್ತು.

ಆಕೆಗೆ ಒಬ್ಬ ಗಂಡನೂ ಇದ್ದ. "ಈಗ ಬಂದೆ" ಎಂದು ಹೋದವನು ಇನ್ನೊಂದು ಊರಿನಲ್ಲಿ ಇನ್ನೊಂದು ಸಂಸಾರ ಹೂಡಿ ಹಾಯಾಗಿದ್ದ. ಯಾರಾದರೂ ಕನಿಕರದಿಂದ ಅವನ ಸುದ್ದಿ ಎತ್ತಿದರೆ, "ಇಳಿದು ಹೋದ ಪ್ಯಾಸೆಂಜರ್ ಬಗ್ಗೆ ಯಾವ ಕಂಡಕ್ಟರ್ ಯೋಚನೆ ಮಾಡ್ತಾಳೆ? ಮುಂದೆ ಹೋಗಿ, ಮುಂದೆ ಹೋಗಿ" ಎನ್ನುತ್ತಿದ್ದಳು. ಮುಗಿಯಿತು ಮಾತು.

ಅವಳ ಲೋಕವೆಲ್ಲ ಮಗಳು ಮೆಣಸು. ಸ್ಕೂಲಿನಲ್ಲಿ ಉದ್ದದ, ಚೆಂದದ ಹೆಸರೊಂದಿತ್ತು, ಆದರೆ ಹಾಗೆ ಕರೆದರೆ ಆ ಹುಡುಗಿ ತಿರುಗಿಯೂ ನೋಡುತ್ತಿರಲಿಲ್ಲ. ಒಂದನೇ ಕ್ಲಾಸು, ಮುಂದಿನ ಎರಡು ಹಲ್ಲು ಬಿದ್ದ ಬಾಯಿ, ಹಿಂದೊಮ್ಮೆ ಬಸ್ಸಿನ ಬಾಗಿಲ ಕಂಬಿಗೆ ಗುದ್ದಿಕೊಂಡು ಎಡ ಹುಬ್ಬು ಎರಡು ತುಂಡಾದ ಗಾಯದ ಗೆರೆ, ಬೆಳಿಗ್ಗೆ ಎಷ್ಟೇ ಎಣ್ಣೆ ಹಚ್ಚಿ ಬಾಚಿದರೂ ಮಧ್ಯಾಹ್ನಕ್ಕೆ ಹಕ್ಕಿಗೂಡಾಗುವ ಕೂದಲು. ಎಲ್ಲಕ್ಕಿಂತ ಹೆಚ್ಚಾಗಿ ಆ ಮುಖ! ಯಾರೋ ಸಾಲ ಕೇಳಲು ಬಂದಿದ್ದಾರೇನೋ ಎನ್ನುವಂತೆ ಸದಾ ಗಂಟು ಹಾಕಿಕೊಂಡ ಮುಖ. ನಗುತ್ತಿರಲಿಲ್ಲ ಎಂದಲ್ಲ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಆದರೆ ಯಾರಾದರೂ "ನಗು ಪುಟ್ಟಾ" ಎಂದರೆ ಮಾತ್ರ ಸತ್ತರೂ ನಗುತ್ತಿರಲಿಲ್ಲ. ಬೀಜದಂತೆ ಗಿಡ, ಇನ್ನೇನು.

ಮಧ್ಯಾಹ್ನ ಅಮ್ಮನ ಬಸ್ಸು ಸ್ಕೂಲಿನ ಮುಂದೆ ಹಾದುಹೋಗುವಾಗ ಮೆಣಸು ಗೇಟಿನಲ್ಲಿ ಹತ್ತಿ, ಡ್ರೈವರ್ ಮಾವನ ಪಕ್ಕದ ಬಾನೆಟ್ ಮೇಲೆ ಬ್ಯಾಗು ಹಾಕಿಕೊಂಡು ರಾಣಿಯ ಹಾಗೆ ಕೂರುತ್ತಿದ್ದಳು. ಅಮ್ಮನ ಬಸ್ಸು ತಡವಾದರೆ ಬೇರೆ ಯಾವುದಾದರೂ ಬಸ್ಸು ಹತ್ತಿ ಡಿಪೊಗೆ ಹೋಗುವುದೂ ಇತ್ತು. ಕಂಡಕ್ಟರುಗಳಲ್ಲಿ ಒಂದು ಪದ್ಧತಿ ಇದೆ, ಯಾವ ಪುಸ್ತಕದಲ್ಲೂ ಬರೆದಿಲ್ಲ: ಅವರವರ ಮನೆಯ ಮಕ್ಕಳು ಯಾವ ಬಸ್ಸು ಹತ್ತಿದರೂ "ಸ್ಟಾಫ್" ಎಂದರೆ ಸಾಕು. ಯಾರ ಮಗು, ಎಲ್ಲಿಗೆ, ಒಂದನ್ನೂ ಕೇಳುವುದಿಲ್ಲ. ಕೇಳಿದರೆ ಅವಮಾನ ಮಾಡಿದಂತೆ. ತಲೆ ಆಡಿಸಿ ಮುಂದಿನವರ ಹತ್ತಿರ ಹೋಗುತ್ತಾರೆ. ಮೆಣಸು "ಅಮ್ಮ" ಎಂದ ಮೇಲೆ ಕಲಿತ ಎರಡನೇ ಮಾತೇ "ತ್ತಾಪ್" ಎಂದು ಡಿಪೊದಲ್ಲೆಲ್ಲ ತಮಾಷೆ.

ಆ ಹುಡುಗಿಗೆ ಒಂದೇ ಹುಚ್ಚು. ಇನ್ನೊಂದು ಊರಿನ ದೊಡ್ಡ ಡಿಪೊದಲ್ಲಿ ಬಸ್ಸಿಗೆ ಸ್ನಾನ ಮಾಡಿಸುವ ಮಷೀನಿದೆ, ಮನೆಯಷ್ಟೆತ್ತರದ ಬ್ರಷ್ಷುಗಳು ಗರಗರ ತಿರುಗುತ್ತವೆ, ಎಂದು ಡ್ರೈವರ್ ಮಾವ ಹೇಳಿದ್ದೇ ಹೇಳಿದ್ದು, ಮೆಣಸಿಗೆ ಊಟ ನಿದ್ದೆ ಬೇಡವಾಯಿತು.

"ಅಮ್ಮ, ಬಸ್ ಸ್ನಾನ ಯಾವಾಗ ತೋರಿಸ್ತೀಯ?"

"ಭಾನುವಾರ."

"ಯಾವ ಭಾನುವಾರ?"

ಕಂಡಕ್ಟರಕ್ಕ ಚಿಲ್ಲರೆ ಎಣಿಸತೊಡಗುತ್ತಿದ್ದಳು. ಭಾನುವಾರವೇ ಬಸ್ಸು ತುಂಬಿ ತುಳುಕುವುದು, ರಜೆ ಕೇಳಿದರೆ ಡಿಪೊ ಮ್ಯಾನೇಜರ್ ಎದೆ ಹಿಡಿದುಕೊಳ್ಳುತ್ತಿದ್ದರು. ಕೊನೆಯ ಸಲ ಮಗಳು ಈ ಪ್ರಶ್ನೆ ಕೇಳಿದ ದಿನ ಬೆಳಿಗ್ಗೆ ಆಕೆ ಶೂ ಲೇಸು ಕಟ್ಟುತ್ತಾ, "ತಲೆ ತಿನ್ಬೇಡ ಕಣೇ, ಹೋಗು!" ಎಂದು ಗದರಿದಳು. ಮೆಣಸು ಮುಖ ಗಂಟು ಹಾಕಿಕೊಂಡು ಹೋದಳು.

ಅವತ್ತು ಬಸ್ಸಿನ ಟೈರು ಪಂಕ್ಚರ್ ಆಯಿತು. ತಡವಾಗಿ ಸ್ಕೂಲಿನ ಮುಂದೆ ಬಂದು ನಿಂತರೆ ಗೇಟಿನಲ್ಲಿ ಮಗು ಇಲ್ಲ. ಡಿಪೊದಲ್ಲೂ ಇಲ್ಲ. ಮನೆಯಲ್ಲೂ ಇಲ್ಲ.

ಜನರನ್ನು ಬೈಯುವ ಮುಂಚೆ ಒಂದು ಮಾತು ಹೇಳಿಬಿಡಬೇಕು, ಆ ಸಂಜೆ ಇಡೀ ಬೀದಿ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹುಡುಕಿತು. ಮಂಡಿ ನೋವೆಂದು ಮೆಟ್ಟಿಲಿಳಿಯದ ಮೇಲ್ಮನೆ ಅತ್ತೆ ಕೂಡ ಕೆಳಗಿಳಿದು, ಪಕ್ಕದ ಓಣಿಯ ನೀರಿನ ತೊಟ್ಟಿಗಳ ಮುಚ್ಚಳ ಎತ್ತಿ ಎತ್ತಿ ನೋಡಿದರು. ಪೊಲೀಸರು ಬಂದರು. ಗಂಡನ ಹೊಸ ಮನೆಗೂ ಹೋಗಿ ನೋಡಿದರು, ಪಾಪ ಅವನಿಗೆ ಮಗಳು ಎಷ್ಟನೇ ಕ್ಲಾಸೆಂದೇ ಗೊತ್ತಿರಲಿಲ್ಲ. ಕಂಡಕ್ಟರಕ್ಕನೇ ನೆನಪಿಸಿಕೊಂಡು ಬಸ್ಸು ತೊಳೆಯುವ ಡಿಪೊಗೆ ಫೋನು ಮಾಡಿ ಮಾಡಿ ಕೇಳಿದಳು. "ಇಲ್ಲ ಮೇಡಂ, ಇಲ್ಲಿಗೆ ಯಾವ ಮಗೂನೂ ಬಂದಿಲ್ಲ." ಅವರು ಹೇಳಿದ್ದು ನಿಜವೇ ಆಗಿತ್ತು.

ಬೀದಿಯ ತುದಿಯಲ್ಲಿ ಮೊಬೈಲ್ ಕವರ್ ಅಂಗಡಿ ಇಟ್ಟಿದ್ದ ಆಕೆಯ ಅಣ್ಣ ಮರುದಿನವೇ ಹುಡುಕಾಟ ಸಮಿತಿ ಮಾಡಿದ. ತಾನೇ ಅಧ್ಯಕ್ಷನಾದ. ಒಳ್ಳೆಯವನೇ, ಆದರೆ ಮೂಗಿಗಿಂತ ಮೂಗುತಿ ಭಾರ ಎನ್ನುವ ಹಾಗೆ ಹುಡುಕುವುದಕ್ಕಿಂತ ಸಮಿತಿಯೇ ಅವನಿಗೆ ದೊಡ್ಡದಾಯಿತು. ತಂಗಿ ರೈಲ್ವೆ ಹಳಿಯ ಬದಿಯಲ್ಲಿ ಮಗಳ ಹೆಸರು ಕೂಗಿಕೊಂಡು ಅಲೆಯುತ್ತಿದ್ದಾಗ ಅವನು ಆಕೆಯ ಮನೆಗೆ ಹೋಗಿ, ಟ್ರಂಕಿನ ತಳದಲ್ಲಿ ಮರೆತುಬಿದ್ದಿದ್ದ ಫೋಟೊ ತಂದು ಪೋಸ್ಟರ್ ಮಾಡಿಸಿಬಿಟ್ಟ.

ಆ ಫೋಟೊದ ಕತೆ ಕೇಳಬೇಕು. ಅದನ್ನು ತೆಗೆದದ್ದು ಬೀದಿಯ ಸ್ಟುಡಿಯೊದ ಸುಣ್ಣದಣ್ಣ. ಅವನ ಕೈಗೆ ಸಿಕ್ಕ ಮುಖಕ್ಕೆಲ್ಲ ಕಂಪ್ಯೂಟರಿನಲ್ಲಿ ಸುಣ್ಣ ಹೊಡೆದ ಹಾಗೆ ಬಿಳಿ ಬಳಿಯುತ್ತಿದ್ದ, ಅದಕ್ಕೇ ಆ ಹೆಸರು. ಅವನ ಸ್ಟುಡಿಯೊದಲ್ಲಿ ಅಜ್ಜಂದಿರಿಗೆ ಹಲ್ಲು ಬರುತ್ತಿತ್ತು, ಬೋಳುತಲೆಯಲ್ಲಿ ಕೂದಲು ಮೊಳೆಯುತ್ತಿತ್ತು, ವಧು ನೋಡಲು ಹೋದ ವರನಿಗೆ ವಧು ಗುರುತೇ ಸಿಗದೆ ಅವಳ ಅಕ್ಕನಿಗೆ ಕೈಮುಗಿದ ಪ್ರಸಂಗವೂ ನಡೆದಿತ್ತು. ಬೀದಿಯವರಿಗೆಲ್ಲ ಅದೇ ಇಷ್ಟ. ಇರುವ ಹಾಗೆ ತೋರಿಸುವುದಕ್ಕೆ ಕನ್ನಡಿ ಇಲ್ಲವೇ, ಅದಕ್ಕೆ ಫೋಟೊ ಯಾಕೆ? ಸ್ಕೂಲಿಗೆ ಸೇರಿಸುವಾಗ ತೆಗೆಸಿದ ಮೆಣಸಿನ ಫೋಟೊಗೂ ಅವನು ಎರಡು ಹಲ್ಲು ಕೂರಿಸಿದ್ದ, ಹುಬ್ಬಿನ ಗಾಯ ಒರೆಸಿದ್ದ, ಕೂದಲಿಗೆ ಸುರುಳಿ ಬಿಟ್ಟಿದ್ದ, ತುಟಿಯ ಎರಡೂ ಅಂಚನ್ನು ಮೇಲಕ್ಕೆಳೆದು ನಗಿಸಿದ್ದ.

ಕಂಡಕ್ಟರಕ್ಕ ಹುಡುಕಾಟದಿಂದ ಹಿಂತಿರುಗುವಾಗ ಬಸ್ ಸ್ಟಾಪಿನ ಗೋಡೆಯ ಮೇಲೆ ಆ ಪೋಸ್ಟರ್ ನೋಡಿದಳು. ಅಯ್ಯೋ, ಯಾವ ತಾಯಿಯ ಮಗುವೋ, ಇದೂ ಕಳೆದುಹೋಗಿದೆಯಾ ಎಂದು ಮರುಗುತ್ತಾ ದಾಟಿಹೋದಳು. ನಾಲ್ಕು ಹೆಜ್ಜೆ ಹೋದವಳು ಗಕ್ಕನೆ ನಿಂತಳು. ಹಿಂದಕ್ಕೆ ಬಂದಳು.

"ಅಣ್ಣ, ಇದು ಯಾರೋ?" ಎಂದು ಅಂಗಡಿಗೆ ನುಗ್ಗಿ ಕೇಳಿದಳು.

"ನಿನ್ನ ಮಗಳು ಕಣೇ! ತಲೆ ಕೆಟ್ಟಿದ್ಯಾ?"

"ನನಗೇ ಗುರುತು ಸಿಗ್ಲಿಲ್ಲ. ಹೆಸರೂ ಸ್ಕೂಲ್ ಹೆಸರು ಹಾಕಿದ್ದೀಯ. ಬೇರೆಯವರಿಗೆ ಹೇಗೆ ಗೊತ್ತಾಗುತ್ತೆ?"

"ಎಲ್ಲ ಡಿಪೊಗೂ ಹೋಗಾಗಿದೆ, ಟೀವಿಯವರೂ ತಗೊಂಡಾಗಿದೆ. ಮುಖ ಮುಖಾನೇ. ನೀನು ಸ್ವಲ್ಪ ಮಲಗು ಹೋಗು."

ಬದುಕಿನಲ್ಲಿ ಒಂದೇ ಒಂದು ಸಲ ಆಕೆ ಎದುರಾಡದೆ ಸುಮ್ಮನಾದದ್ದು ಅವತ್ತೇ. ಮೈಯಲ್ಲಿ ಶಕ್ತಿ ಇರಲಿಲ್ಲ.

ಅಬ್ಬಾ, ಆಮೇಲೆ ಆ ಪೋಸ್ಟರ್ ಓಡಿದ್ದೇ ಓಟ! ಎಂತೆಂಥ ಊರಿನ ಜನರ ಮೊಬೈಲಿಗೆಲ್ಲ ಹೋಯಿತು. "ಬೊಂಬೆ ಇದ್ದಂಗಿದೆ ಮಗು" ಎಂದು ಗುರುತಿಲ್ಲದವರು ಅತ್ತರು. ಮನೆಯ ಬಾಗಿಲಿಗೆ ಟೆಡ್ಡಿ ಕರಡಿಗಳು ಬಂದು ಬಿದ್ದವು, ಮೆಣಸಿಗೆ ಟೆಡ್ಡಿ ಕಂಡರೆ ಆಗುತ್ತಿರಲಿಲ್ಲ. ಮತ್ತು ಮಗು ಸಿಕ್ಕಿತು ಎಂದು ಫೋನುಗಳು ಬರತೊಡಗಿದವು. ಅಂಗಡಿಯಲ್ಲಿ ಸಿಕ್ಕಿತು, ರೈಲಿನಲ್ಲಿ ಸಿಕ್ಕಿತು, ಪಾರ್ಕಿನಲ್ಲಿ ಸಿಕ್ಕಿತು. ಪ್ರತಿ ಸಲ ಎದ್ದೂ ಬಿದ್ದೂ ಓಡಿಹೋದರೆ ಅಲ್ಲೊಂದು ಬೆಳ್ಳಗಿನ, ಗುಂಗುರು ಕೂದಲಿನ, ನಗುಮೊಗದ ಮಗು, ಪಕ್ಕದಲ್ಲಿ ಪೊಲೀಸರ ಕೈಗೆ ಸಿಕ್ಕಿ ಬೆವರುತ್ತಿರುವ ಅದರ ಸ್ವಂತ ಅಪ್ಪ! ಸುತ್ತಲಿನ ಊರುಗಳ ಚೆಂದದ ಮಕ್ಕಳೆಲ್ಲ ಒಬ್ಬರಾದ ಮೇಲೊಬ್ಬರಂತೆ ಸಿಕ್ಕರು. ಕಳೆದುಹೋದವಳು ಮಾತ್ರ ಸಿಗಲಿಲ್ಲ.

ಕಂಡಕ್ಟರಕ್ಕ ಯೂನಿಫಾರ್ಮ್ ಹಾಕಿಕೊಂಡು ಡ್ಯೂಟಿಗೆ ಹೊರಟಳು. ಆಗ ನೋಡಿ, ಬೀದಿಯ ಗಾಳಿ ತಿರುಗಿದ್ದು.

"ಮಗು ಕಾಣೆಯಾಗಿದೆ, ಇವಳಿಗೆ ಟಿಕೆಟ್ ಹರಿಯೋದು ಬೇಕಾ?" ಎಂದರು ಮೇಲ್ಮನೆ ಅತ್ತೆ, ಆಕೆಗೆ ಕೇಳಲೆಂದೇ ಕಿಟಕಿಯ ಬಳಿ ಬಂದು.

"ಮನೇಲಿ ಕೂತ್ರೆ ನನಗೆ ಯಾರು ಸಿಗ್ತಾರೆ ಅತ್ತೆ? ನೀವು!" ಎಂದು ಆಕೆ ಕೆಳಗಿನಿಂದಲೇ ಹೇಳಿದಳು. "ಬಸ್ಸಲ್ಲಿ ದಿನಕ್ಕೆ ಸಾವಿರ ಜನ ಸಿಗ್ತಾರೆ. ಒಬ್ಬೊಬ್ಬರನ್ನೂ ಕೇಳ್ತೀನಿ."

ಟೀವಿಯ ಹುಡುಗಿಯೊಬ್ಬಳು ಮೈಕು ಹಿಡಿದು ಬಸ್ಸಿಗೇ ಹತ್ತಿಬಿಟ್ಟಳು. ಕ್ಯಾಮೆರಾದವನು ಸೀಟುಗಳ ನಡುವೆ ಸಿಕ್ಕಿಹಾಕಿಕೊಂಡ. "ಮೇಡಂ, ನಿಮ್ಮ ಕಣ್ಣಲ್ಲಿ ನೀರೇ ಇಲ್ಲ ಅಂತ ವೀಕ್ಷಕರು ಕೇಳ್ತಿದ್ದಾರೆ. ಒಂದೇ ಒಂದು ಸಲ, ಇಲ್ಲಿ ನೋಡ್ಕೊಂಡು..."

"ನಾನು ಅತ್ರೆ ಮಗು ಸಿಗುತ್ತೇನಮ್ಮ?"

"ಜನಕ್ಕೆ ಒಂದು ಫೀಲ್ ಬರುತ್ತೆ ಮೇಡಂ."

"ಅವರಿಗೆ ಫೀಲ್ ಬಂದು ನನಗೇನಾಗ್ಬೇಕು? ಎಲ್ಲಿಗೆ ನೀವು? ಟಿಕೆಟ್ ತಗೊಳ್ಳಿ. ಕ್ಯಾಮೆರಾಗೆ ಲಗೇಜ್ ಚಾರ್ಜು ಬೇರೆ."

ಸಂಜೆ ಟೀವಿಯಲ್ಲಿ ಇದನ್ನೇ ತಿರುಗಿಸಿ ತಿರುಗಿಸಿ ತೋರಿಸಿದರು. ಕೆಳಗೆ ದಪ್ಪ ಅಕ್ಷರದಲ್ಲಿ, ಕಲ್ಲು ಮನಸಿನ ತಾಯಿ? ಎಂಬ ಪ್ರಶ್ನೆ. ಮರುದಿನದಿಂದ ಅತ್ತವರೇ ಬೈಯತೊಡಗಿದರು. ಅವಳೇ ಏನೋ ಮಾಡಿರಬೇಕು. ಗಂಡ ಸುಮ್ಮನೆ ಬಿಟ್ಟುಹೋಗಿರುತ್ತಾನಾ? ಒಬ್ಬ ಹೆಂಗಸು ಅವಳ ಕೈ ತಾಗದಂತೆ ಚಿಲ್ಲರೆಯನ್ನು ಸೀಟಿನ ಮೇಲಿಟ್ಟಳು. ಇನ್ನೊಬ್ಬಳು ತನ್ನ ಮಗುವನ್ನು ಸೆರಗಿನ ಒಳಕ್ಕೆ ಎಳೆದುಕೊಂಡಳು. ಅದನ್ನು ಮಾತ್ರ ಕಂಡಕ್ಟರಕ್ಕನಿಗೆ ತಡೆಯಲಾಗಲಿಲ್ಲ, ಹಿಂದಿನ ಬಾಗಿಲಿಗೆ ಹೋಗಿ ಕಂಬಿ ಹಿಡಿದು ಗಾಳಿಗೆ ಮುಖ ಕೊಟ್ಟು ನಿಂತಳು. ಆ ಕಂಬಿ ಮೆಣಸಿನ ಹುಬ್ಬು ಒಡೆದ ಕಂಬಿ. ಕೈಯಲ್ಲಿ ಹಿಡಿದಿದ್ದಾಗಲೇ ಅವಳಿಗೆ ಹೊಳೆದದ್ದು: ಈ ಹುಬ್ಬಿನ ಹುಡುಗಿಯನ್ನು ಯಾರೂ ಹುಡುಕುತ್ತಲೇ ಇಲ್ಲವಲ್ಲ!

ಟ್ರಿಪ್ಪು ಮುಗಿದದ್ದೇ ನೇರ ಸುಣ್ಣದಣ್ಣನ ಸ್ಟುಡಿಯೊಗೆ ಹೋದಳು.

"ನನ್ನ ಮಗಳ ಫೋಟೊ ಕೊಡು."

"ಅಣ್ಣ ತಗೊಂಡು ಹೋದ್ರಲ್ಲಕ್ಕ."

"ಅದು ನಿನ್ನ ಮಗಳು. ನನ್ನ ಮಗಳನ್ನ ಕೊಡು. ನೀನು ಸುಣ್ಣ ಬಳಿಯೋಕೆ ಮುಂಚೆ ಇದ್ದಳಲ್ಲ, ಅವಳನ್ನ."

ಸುಣ್ಣದಣ್ಣ ಕುರ್ಚಿಯಿಂದ ಎದ್ದ, ಕೂತ, ಕನ್ನಡಕ ಒರೆಸಿದ. "ಒರಿಜಿನಲ್ ನಾನು ಅಳಿಸಲ್ಲಕ್ಕ. ಯಾರಿಗೂ ತೋರಿಸಲ್ಲ, ಅಷ್ಟೆ" ಎಂದು ಕಂಪ್ಯೂಟರಿನ ಒಳಗೆಲ್ಲೋ ಕೈಹಾಕಿ ಹುಡುಕಿ ತೆಗೆದ. ಪರದೆಯ ಮೇಲೆ ಮೆಣಸು ಬಂದಳು. ನಗು ಎಂದದ್ದಕ್ಕೆ ಸಿಟ್ಟಿಗೆದ್ದು ಕ್ಯಾಮೆರಾವನ್ನೇ ನುಂಗುವಂತೆ ನೋಡುತ್ತಿದ್ದ ಮೆಣಸು! ತುಂಡು ಹುಬ್ಬು, ಹಕ್ಕಿಗೂಡು, ಹಲ್ಲಿಲ್ಲದ ಬಾಯಿ ತೆರೆದು "ಆಗಲ್ಲ" ಎನ್ನುತ್ತಿರುವಾಗಲೇ ಕ್ಲಿಕ್ ಆದದ್ದು. ಕಂಡಕ್ಟರಕ್ಕ ಪರದೆಯ ಹತ್ತಿರ ಹೋಗಿ ಆ ತುಂಡು ಹುಬ್ಬಿನ ಮೇಲೆ ಬೆರಳಿಟ್ಟಳು.

"ಹೇಗೆ ಕೊಡ್ಲಿ ಅಕ್ಕ ಇದನ್ನ? ನೋಡಿದವರು ಇದು ನನ್ನ ಸ್ಟುಡಿಯೊದ್ದಾ ಅಂತಾರೆ" ಎಂದ ಅವನು ಮೆಲ್ಲಗೆ.

"ನಿನ್ನ ಸ್ಟುಡಿಯೊ ಹೆಸರು ಹಾಕಬೇಡ. ಅವಳ ಹೆಸರು ಹಾಕು. ಮೆಣಸು ಅಂತ. ದಪ್ಪಕ್ಷರದಲ್ಲಿ."

ಸಮಿತಿ ಉರಿದುಬಿದ್ದಿತು. ಅಣ್ಣ ಅಂಗಡಿಯ ಶಟರ್ ಅರ್ಧ ಎಳೆದು ತಂಗಿಗೆ ಬುದ್ಧಿ ಹೇಳಿದ. "ಜನ ಇಷ್ಟು ಕನಿಕರ ಪಡ್ತಿರೋದೇ ಆ ಮುಖ ನೋಡಿ ಕಣೇ. ಈ ಫೋಟೊ ಹಾಕಿದ್ರೆ ಯಾರು ಅಯ್ಯೋ ಅಂತಾರೆ? ಬೀದಿ ಪೋಕರಿ ಅಂತಾರೆ. ಈಗ ಬದಲಾಯಿಸಿದ್ರೆ ನಾವೇ ಸುಳ್ಳು ಹೇಳಿದ್ವಿ ಅಂತಾಗುತ್ತೆ. ಮನೆ ಮರ್ಯಾದೆ ಏನು?"

"ನನಗೆ ಜನರ ಕನಿಕರ ಬೇಡಣ್ಣ, ಕಣ್ಣು ಬೇಕು."

"ಹಾಗಾದ್ರೆ ಸಮಿತಿ ನಿನ್ನ ಜೊತೆ ಇರಲ್ಲ."

"ಸರಿ, ಇಳ್ಕೊಳ್ಳಿ" ಎಂದಳು ಆಕೆ. "ಸ್ಟಾಪ್ ಬಂತು."

ಡ್ರೈವರ್ ಮಾವ ಎಲ್ಲಿಂದಲೋ ಒಂದು ಬಕೆಟ್ ಅಂಟು ಕಲಸಿ ತಂದರು. ಇಬ್ಬರೂ ಸೇರಿ ಬಸ್ಸಿನ ಹಿಂದಿನ ಗಾಜಿಗೆ, ಬಾಗಿಲಿಗೆ, ಪ್ರತಿ ಸೀಟಿನ ಬೆನ್ನಿಗೆ ಆ ಫೋಟೊ ಅಂಟಿಸಿದರು. ಸರ್ಕಾರಿ ಬಸ್ಸಿಗೆ ಖಾಸಗಿ ಚೀಟಿ ಅಂಟಿಸುವುದು ತಪ್ಪು ಎಂದು ಡಿಪೊ ಮ್ಯಾನೇಜರ್ ಓಡಿಬಂದರು. ಈಗಲೇ ಕಿತ್ತುಹಾಕದಿದ್ದರೆ ಸಸ್ಪೆಂಡ್ ಎಂದರು.

"ಟ್ರಿಪ್ ಮುಗಿಸ್ಕೊಂಡು ಬರ್ತೀನಿ ಸಾರ್. ಆಮೇಲೆ ಸಸ್ಪೆಂಡ್ ಮಾಡಿ, ಎಲ್ಲೂ ಓಡಿಹೋಗಲ್ಲ."

"ಚೀಟಿ ಕೀಳಬೇಕು!"

ಆಕೆ ಒಂದು ಫೋಟೊವನ್ನು ತನ್ನ ಖಾಕಿ ಅಂಗಿಯ ಎದೆಗೇ ಪಿನ್ನು ಹಾಕಿ ಸಿಕ್ಕಿಸಿಕೊಂಡಳು. "ಇದನ್ನೂ ಕೀಳ್ತೀರಾ ಸಾರ್? ಬನ್ನಿ."

ಮ್ಯಾನೇಜರ್ ಎರಡು ಹೆಜ್ಜೆ ಹಿಂದಕ್ಕೆ ಹೋದರು. ಡ್ರೈವರ್ ಮಾವ ಗೇರು ಹಾಕಿದರು. ರೈಟ್ ರೈಟ್!

ಆ ದಿನದ ಬಸ್ಸನ್ನು ಹತ್ತಿದವರು ಮರೆತಿರಲಾರರು. ಸ್ಟಾಪಿಗೊಂದು ಸಲ ಆಕೆ ಉದ್ದಕ್ಕೆ ಸೀಟಿ ಊದಿ, "ಎಲ್ಲರೂ ಒಂದ್ಸಲ ಇಲ್ಲಿ ನೋಡಿ! ಇವಳು ನನ್ನ ಮಗಳು. ಟೀವಿಯಲ್ಲಿ ತೋರಿಸಿದ್ದು ಇವಳಲ್ಲ. ಇವಳು ನಗಲ್ಲ. ಮೆಣಸು ಅಂದ್ರೆ ಮಾತ್ರ ತಿರುಗಿ ನೋಡ್ತಾಳೆ. ಎಲ್ಲರೂ ನೋಡೋ ತನಕ ಬಸ್ಸು ಮುಂದೆ ಹೋಗಲ್ಲ!" ಎನ್ನುತ್ತಿದ್ದಳು.

"ಆಫೀಸಿಗೆ ಲೇಟಾಗುತ್ತೆ ಕಣಮ್ಮ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ನನ್ನ ಮಗಳಿಗೂ ಲೇಟಾಗಿದೆ. ನೋಡಿ."

ಚಿಲ್ಲರೆಯನ್ನು ಸೀಟಿನ ಮೇಲಿಟ್ಟಿದ್ದ ಹೆಂಗಸು ಅವತ್ತೂ ಬಸ್ಸಿನಲ್ಲಿದ್ದಳು. ಫೋಟೊ ನೋಡಿದಳು, ಮತ್ತೆ ನೋಡಿದಳು. "ಅಯ್ಯೋ, ಇವಳಾ? ದಿನಾ ಬಾನೆಟ್ ಮೇಲೆ ಕೂತು ನನಗೆ ನಾಲಿಗೆ ತೋರಿಸ್ತಿದ್ಲಲ್ಲ, ಇವಳಾ ಕಳೆದುಹೋಗಿರೋದು?" ಎಂದವಳೇ ಎದುರಿನ ಸೀಟಿನ ಬೆನ್ನಿನಿಂದ ಫೋಟೊ ಕಿತ್ತುಕೊಂಡು ಮುಂದಿನ ಸಾಲಿಗೆ ತೋರಿಸತೊಡಗಿದಳು. "ನೋಡ್ರೀ, ಸರಿಯಾಗಿ ನೋಡ್ರೀ!"

ದೊಡ್ಡ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯಲು ಇಳಿದಾಗ ಬೇರೆ ಡಿಪೊದ ಒಬ್ಬ ಕಂಡಕ್ಟರ್ ಕಟ್ಟೆಯ ಮೇಲೆ ಕೂತು ಬಿಸಿ ಲೋಟ ಊದುತ್ತಿದ್ದ. ತೆಳ್ಳಗಿನ ಆಸಾಮಿ. ಕಂಡಕ್ಟರಕ್ಕನ ಎದೆಯ ಮೇಲಿನ ಫೋಟೊ ನೋಡಿದವನ ಕೈಯಲ್ಲಿ ಲೋಟ ಓರೆಯಾಗಿ ಚಹಾ ಪ್ಯಾಂಟಿನ ಮೇಲೆ ಸುರಿಯಿತು.

"ಈ ಮೂತಿ! ಈ ಮೂತಿ ನನ್ನ ಬಸ್ಸಲ್ಲಿ ಬಂದಿತ್ತಲ್ರೀ!"

ಕಂಡಕ್ಟರಕ್ಕ ಅವನ ಕಾಲರ್ ಹಿಡಿದುಕೊಂಡಳು. "ಎಲ್ಲಿಗೆ? ಯಾವಾಗ?"

"ಟೈರ್ ಪಂಕ್ಚರ್ ಆಗಿ ನಿಮ್ಮ ರೂಟಿನ ಬಸ್ಸು ನಿಂತಿತ್ತಲ್ಲ, ಆವತ್ತು! ಸ್ಟಾಫ್ ಅಂದ್ಲು, ಬಿಟ್ಟೆ. ನಿಮ್ಮ ಸೀಟಿ ಬಹಳ ವೀಕು, ನಮ್ಮಮ್ಮನ ಹತ್ರ ಕಲ್ತ್ಕೊಳ್ಳಿ ಅಂತ ಬೇರೆ ಅಂದ್ಲು. ನಮ್ಮ ಲಾಸ್ಟ್ ಸ್ಟಾಪಲ್ಲಿ ಇಳಿದು, ಜಾಗ ತನ್ನದೇ ಅನ್ನೋ ಹಾಗೆ ಕೈ ಬೀಸ್ಕೊಂಡು ಹೋದ್ಲು. ಯಾರೋ ನಮ್ಮವರ ಮಗು ಅಂದ್ಕೊಂಡೆ ಅಕ್ಕ..."

"ಪೋಸ್ಟರ್ ನೋಡ್ಲಿಲ್ವೇನೋ ಪುಣ್ಯಾತ್ಮ?"

"ನೋಡದೆ ಏನು? ನನ್ನ ಬಸ್ಸಿಗೆ ನಾನೇ ಅಂಟಿಸಿದ್ದೀನಿ!" ಎಂದ ಅವನು ಅಳುವ ಧ್ವನಿಯಲ್ಲಿ. "ಆ ಮಗು ಬೇರೆ, ಈ ಮಗು ಬೇರೆ ಅಲ್ವಾ?"

ಆಕೆ ಕಾಲರ್ ಬಿಟ್ಟಳು. ಅವನ ಮೇಲೆ ಸಿಟ್ಟು ಬರಲಿಲ್ಲ. ತನ್ನ ಬಸ್ಸಿಗೆ ಅಂಥದೇ ಒಂದು ಮಗು ಹತ್ತಿ "ಸ್ಟಾಫ್" ಎಂದಿದ್ದರೆ ತಾನೂ ತಲೆ ಆಡಿಸಿ ಮುಂದೆ ಹೋಗುತ್ತಿದ್ದಳು. ಡ್ರೈವರ್ ಮಾವ ಟಿಕೆಟ್ ಮಷೀನನ್ನು ಆಕೆಯ ಹೆಗಲಿನಿಂದ ಬಿಡಿಸಿಕೊಂಡು, "ಹೋಗಮ್ಮ. ಪ್ಯಾಸೆಂಜರ್‌ಗಳಿಗೆ ನಾನು ಹೇಳ್ಕೋತೀನಿ" ಎಂದರು. ಪ್ಯಾಸೆಂಜರುಗಳಿಗೆ ಯಾರೂ ಏನೂ ಹೇಳಬೇಕಾಗಿ ಬರಲಿಲ್ಲ. ಆಫೀಸಿಗೆ ಲೇಟಾದವರೇ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ನಿಂತಿದ್ದೀಯಲ್ಲ, ಓಡಮ್ಮ!" ಎಂದು ಬೈಯುತ್ತಿದ್ದರು.

ಆ ತೆಳ್ಳಗಿನವನ ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಫೋಟೊ ನೋಡಿದವರು ಹಿಂದಿನ ಬೀದಿಯ ಮಕ್ಕಳ ಆಶ್ರಮಕ್ಕೆ ದಾರಿ ತೋರಿಸಿದರು. ಅಲ್ಲಿನ ಮೇಲ್ವಿಚಾರಕಿ ದಪ್ಪ ಕನ್ನಡಕದ, ಒಳ್ಳೆಯ ಮನಸ್ಸಿನ ಹೆಂಗಸು. ಅವರ ಆಫೀಸಿನ ಗೋಡೆಯ ಮೇಲೆ ಸುಣ್ಣದಣ್ಣನ ಪೋಸ್ಟರ್ ಇತ್ತು! ಅದರ ಕೆಳಗಿನ ಬೆಂಚಿನ ಮೇಲೆ ಕಾಲು ಆಡಿಸುತ್ತಾ ಮೆಣಸು ಬ್ರೆಡ್ಡು ತಿನ್ನುತ್ತಿದ್ದಳು.

"ಹೆಸರು ಕೇಳಿದ್ರೆ ಮೆಣಸು ಅಂತಾಳೆ, ಮನೆ ಎಲ್ಲಿ ಅಂದ್ರೆ ಲಾಸ್ಟ್ ಸ್ಟಾಪು ಅಂತಾಳೆ, ಅಮ್ಮನ ಹೆಸರು ಕೇಳಿದ್ರೆ ಕಂಡಕ್ಟರ್ ಅಂತಾಳೆ" ಎಂದು ಮೇಲ್ವಿಚಾರಕಿ ಕೈ ಹಿಸುಕಿಕೊಂಡರು. "ಈ ಊರಿನ ಡಿಪೊದಲ್ಲಿ ಕೇಳಿದ್ವಿ, ನಮ್ಮಲ್ಲಿ ಲೇಡಿ ಕಂಡಕ್ಟರೇ ಇಲ್ಲ ಅಂದ್ರು. ಪೊಲೀಸರು ಬಂದು ಪೋಸ್ಟರ್ ಪಕ್ಕದಲ್ಲೇ ನಿಲ್ಲಿಸಿ ನೋಡಿದ್ರು. ಇವಳಲ್ಲ ಬಿಡಿ ಅಂತ ಹೋದ್ರು."

ಮೆಣಸು ಬ್ರೆಡ್ಡು ನುಂಗಿ ತಲೆಯೆತ್ತಿದಳು. ಮುಖ ಇನ್ನಷ್ಟು ಗಂಟಾಯಿತು.

"ಯಾಕಮ್ಮ ಇಷ್ಟು ಲೇಟು?"

"ಬಸ್ ಸಿಗ್ಲಿಲ್ಲ ಕಣೇ" ಎಂದಳು ಕಂಡಕ್ಟರಕ್ಕ. ಮಗಳ ತಲೆಯನ್ನು ಎಳೆದು ಎದೆಗೆ ಒತ್ತಿಕೊಂಡಳು, ಮೆಣಸು "ಪಿನ್ನು ಚುಚ್ತಿದೆ, ಬಿಡು" ಎಂದು ಕಿರುಚುವ ತನಕ ಬಿಡಲಿಲ್ಲ. "ಈ ಊರಿಗೆ ಯಾಕೆ ಬಂದೆ? ಬಸ್ ಸ್ನಾನ ಇರೋದು ಇಲ್ಲಲ್ಲ!"

"ಆ ಬಸ್ಸು ಫಳಫಳ ಅಂತಿತ್ತು" ಎಂದಳು ಮೆಣಸು, ಇಷ್ಟೂ ತಿಳಿಯದ ಅಮ್ಮನಿಗೆ ತಿಳಿಸಿ ಹೇಳುವಂತೆ. "ಸ್ನಾನ ಮಾಡಿದ ಬಸ್ಸು ಸ್ನಾನದ ಊರಿಂದ ತಾನೆ ಬಂದಿರುತ್ತೆ? ಅದು ಬರೀ ಹೊಸ ಬಸ್ಸಂತೆ! ಮೋಸ!"

ಮಗು ಸಿಕ್ಕ ಸುದ್ದಿ ಅವರಿಗಿಂತ ಮುಂಚೆ ಮನೆ ಸೇರಿತು. ಅಣ್ಣ ಸಮಿತಿಯ ಬೋರ್ಡು ಹಿಡಿದು ನಿಂತಿದ್ದ, ಟೀವಿಯ ಹುಡುಗಿ ಓಡಿಬಂದಳು, ಮೇಲ್ಮನೆ ಅತ್ತೆ "ನನಗೆ ಮೊದಲೇ ಗೊತ್ತಿತ್ತು, ಅವಳು ಅಂಥವಳಲ್ಲ ಅಂತ" ಎಂದು ಮೈಕಿನಲ್ಲಿ ಹೇಳಿಯೇಬಿಟ್ಟಿದ್ದರು.

"ಮೇಡಂ, ಈಗಲಾದ್ರೂ... ಆನಂದಬಾಷ್ಪ?"

"ಇನ್ನೂ ಇದೇ ಬಸ್ಸಲ್ಲಿದ್ದೀಯೇನಮ್ಮ ನೀನು?" ಎಂದು ಆಕೆ ಮಗಳ ಕೈ ಹಿಡಿದು ಗುಂಪನ್ನು ಸೀಳಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ಸಲ ಮಾತ್ರ ಬಾಗಿಲು ತೆರೆಯಿತು, ಟೆಡ್ಡಿ ಕರಡಿಗಳನ್ನೆಲ್ಲ ಹೊರಗಿಟ್ಟು ಮೆಣಸೇ ಮತ್ತೆ ಮುಚ್ಚಿದಳು.

ಸಸ್ಪೆನ್ಷನ್ ಆದೇಶ ತಪ್ಪಲಿಲ್ಲ. ಡ್ರೈವರ್ ಮಾವ ಮ್ಯಾನೇಜರ್ ಹತ್ತಿರ ಜಗಳಕ್ಕೆ ಹೊರಟರೆ ಕಂಡಕ್ಟರಕ್ಕ ತಡೆದಳು. "ಸುಮ್ನಿರಿ ಮಾವ, ಹಾಳುಮಾಡ್ಬೇಡಿ. ಅಂತೂ ಒಂದು ಭಾನುವಾರ ಸಿಕ್ಕಿದೆ ನನಗೆ!"

ಆ ಭಾನುವಾರ ತಾಯಿ ಮಗಳು ಪ್ಯಾಸೆಂಜರುಗಳಾಗಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಬಸ್ಸು ತೊಳೆಯುವ ಊರಿಗೆ ಹೊರಟರು. ಆ ದಿನ ಆ ರೂಟಿಗೆ ಬಂದಿದ್ದವನು ಅದೇ ತೆಳ್ಳಗಿನ ವೀಕು ಸೀಟಿ. ಅವನು ನೇರ ಮೆಣಸಿನ ಮುಂದೆ ಬಂದು ನಿಂತ.

"ಸ್ಟಾಫ್" ಎಂದಳು ಮೆಣಸು, ಅವನ ಮುಖವನ್ನೂ ನೋಡದೆ.

"ಗೊತ್ತು. ಯಾರ ಮಗು? ಎಲ್ಲಿಗೆ ಹೋಗ್ತಿದ್ದೀಯ? ಜೊತೇಲಿ ಯಾರಿದ್ದಾರೆ?"

"ಏಯ್! ಸ್ಟಾಫ್ ಅಂದ್ನಲ್ಲ!"

"ಈಗ ಎಲ್ಲ ಡಿಪೊದಲ್ಲೂ ಕೇಳ್ತೀವಮ್ಮ. ನಿನ್ನಿಂದ್ಲೇ ಬಂದ ರೂಲು" ಎಂದ ಅವನು. ಕಂಡಕ್ಟರಕ್ಕ ಕಿಟಕಿಯ ಕಡೆ ತಿರುಗಿ ಕೂತಿದ್ದಳು, ಸಹಾಯಕ್ಕೆ ಬರಲಿಲ್ಲ. ಮೆಣಸು ಮೂರಕ್ಕೂ ಉತ್ತರ ಹೇಳಿ, "ಸೀಟಿ ಇನ್ನೂ ವೀಕೇ ಇದೆ" ಎಂದು ಸೇಡು ತೀರಿಸಿಕೊಂಡಳು.

ಊರು ಸೇರಿದ ಮೇಲೆ ವೀಕು ಸೀಟಿ ಡಿಪೊದವರಿಗೆ ಏನು ಹೇಳಿದನೋ, ಇಬ್ಬರನ್ನೂ ಖಾಲಿ ಬಸ್ಸಿನಲ್ಲಿ ಕೂರಿಸಿಕೊಂಡೇ ಮಷೀನಿನೊಳಗೆ ಬಿಟ್ಟರು. ಮೊದಲು ನೀರು ಬಡಿಯಿತು. ಆಮೇಲೆ ಎರಡೂ ಕಡೆಯಿಂದ ಮನೆಯಷ್ಟೆತ್ತರದ ನೀಲಿ ಬ್ರಷ್ಷುಗಳು ತಿರುಗುತ್ತಾ ಬಂದು ಗಾಜುಗಳ ಮೇಲೆ ಬಿದ್ದವು, ನೊರೆ ಮುಚ್ಚಿಕೊಂಡು ಒಳಗೆಲ್ಲ ಮಬ್ಬಾಯಿತು, ಇಡೀ ಬಸ್ಸು ಗಡಗಡ ನಡುಗಿತು. ಮೆಣಸು ಬಾನೆಟ್ ಮೇಲೆ ನಿಂತು ಕುಣಿಯುತ್ತಾ ಕೂಗುತ್ತಿದ್ದಳು. ಏನು ಕೂಗುತ್ತಿದ್ದಾಳೆಂದು ಅವಳಿಗೇ ಕೇಳಿಸುತ್ತಿರಲಿಲ್ಲ. ಆ ಗದ್ದಲದಲ್ಲಿ, ಒಂದು ಮೈಕೂ ಇಲ್ಲದ, ಒಂದು ಕಿಟಕಿಯಿಂದಲೂ ಯಾರೂ ನೋಡಲಾಗದ ಆ ನೊರೆಯ ಕತ್ತಲಲ್ಲಿ, ಕಂಡಕ್ಟರಕ್ಕ ಕೊನೆಯ ಸೀಟಿನಲ್ಲಿ ಕೂತು, ನಡುರಸ್ತೆಯಲ್ಲಿ ಬಸ್ಸು ನಿಲ್ಲಿಸುವ ತನ್ನ ಧ್ವನಿಯನ್ನೆಲ್ಲ ಬಿಟ್ಟು, ಬಾಯಿ ತೆರೆದು ಅತ್ತಳು.

ಬ್ರಷ್ಷುಗಳು ನಿಂತವು. ಗಾಜಿನ ಮೇಲಿಂದ ನೊರೆ ಜಾರಿ ಬಿಸಿಲು ಒಳಗೆ ಬಂತು. ಮೆಣಸು ಓಡಿಬಂದು ಅಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ನಿನ್ನ ಮುಖ ಯಾಕಮ್ಮ ಒದ್ದೆ?"

"ಈ ಡಿಪೊದವರಿಗೆ ಒಂದು ಕಿಟಕಿ ನೆಟ್ಟಗೆ ಹಾಕೋಕೆ ಬರಲ್ಲ" ಎಂದಳು ಕಂಡಕ್ಟರಕ್ಕ, ಸೆರಗಿನಿಂದ ಮುಖ ಉಜ್ಜಿಕೊಂಡು, ಬಾಗಿಲ ಕಡೆ ತಿರುಗಿ. "ಯಾರ್ರೀ ಅಲ್ಲಿ? ಇನ್ನೊಂದ್ಸಲ ಬಿಡಿ! ಮಗು ಸರಿಯಾಗಿ ನೋಡಿಲ್ಲ! ರೈಟ್ ರೈಟ್!"